ಐದನೇ ತಿಂಗಳ ಮುಹೂರ್ತ, ಏಳನೇ ತಿಂಗಳ ತುತ್ತು: ಒಂದು ಪ್ರಕರಣ ಅಧ್ಯಯನ

ಹೆಣ್ಣು ಮಗು. ವಯಸ್ಸು 4 ತಿಂಗಳು 20 ದಿನ. ತುಂಬು ತಿಂಗಳಿಗೆ ಹುಟ್ಟಿದ್ದು. ಹುಟ್ಟಿದಾಗ 2.7 ಕೆ.ಜಿ., ಈಗ 5.9 ಕೆ.ಜಿ. ಜ್ವರ, ಭೇದಿ ಏನೂ ಇಲ್ಲ. ಹಾಸನದ ಹತ್ತಿರದ ಹಳ್ಳಿಯೊಂದರಿಂದ ಮಗುವಿನ ತಾಯಿ ಮತ್ತು ಅಜ್ಜಿ, ಅಂದರೆ ತಾಯಿಯ ಅತ್ತೆ, ಜೊತೆಯಲ್ಲೇ ಬಂದಿದ್ದರು. ಅವರ ಪ್ರಶ್ನೆ ಒಂದೇ: ಮಗುವಿಗೆ ರಾಗಿ ಸರಿ ಶುರು ಮಾಡಬಹುದಾ?

ನಾನು ಮಕ್ಕಳ ಕ್ಲಿನಿಕ್ಕಿನಲ್ಲಿ ಆಹಾರ ಸಲಹೆಯ ಕೆಲಸ ಮಾಡುತ್ತೇನೆ. ಈ ಪ್ರಶ್ನೆ ನಮಗೆ ಹೊಸದಲ್ಲ. ಆದರೆ ಬೇರೆ ಬೇರೆ ಮನೆಗಳಲ್ಲಿ ಬಿಡಿಬಿಡಿಯಾಗಿ ಕೇಳುವ ಕಾರಣಗಳೆಲ್ಲ ಈ ಒಂದೇ ಮನೆಯಲ್ಲಿ ಒಟ್ಟಿಗೆ ಸೇರಿದ್ದವು. ರಾತ್ರಿ ಅಳು, ಕೈ ಚೀಪುವುದು, ತಟ್ಟೆಯ ಮೇಲೆ ಕಣ್ಣು, ತಾಯಿ ಕೆಲಸಕ್ಕೆ ವಾಪಸ್ ಹೋಗಬೇಕಾದ ದಿನ, ಅನ್ನಪ್ರಾಶನದ ಮುಹೂರ್ತ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆದಿಡಬೇಕು ಅನಿಸಿತು. ಮನೆಯವರು ಒಪ್ಪಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮನೆಯವರು ಕಂಡದ್ದು

ಮೊದಲು ಮಾತಾಡಿದ್ದು ಅಜ್ಜಿ. "ನೋಡಮ್ಮ, ನಾನು ಮೂರು ಮಕ್ಕಳನ್ನ ಸಾಕಿದೀನಿ. ಇದರ ಅಪ್ಪನಿಗೆ ನಾಲ್ಕು ತಿಂಗಳಿಗೇ ಸರಿ ತಿನ್ನಿಸಿದ್ದೆ. ಏನಾಗಿದೆ ಅವನಿಗೆ? ಗಟ್ಟಿಮುಟ್ಟಾಗಿದಾನೆ. ಈ ಕೂಸು ನಾವು ಊಟಕ್ಕೆ ಕೂತ್ರೆ ನಮ್ಮ ಬಾಯನ್ನೇ ನೋಡ್ತಾ ಇರುತ್ತೆ. ಆಸೆ ಆಗಲ್ವಾ ಅದಕ್ಕೆ?"

ತಾಯಿಯ ಚಿಂತೆ ಬೇರೆ. ಮೊದಲು ರಾತ್ರಿ ಎರಡು ಸಲ ಏಳುತ್ತಿದ್ದ ಮಗು ಈಗ ನಾಲ್ಕೈದು ಸಲ ಏಳುತ್ತಿದೆ. ಯಾವಾಗ ನೋಡಿದರೂ ಮುಷ್ಟಿ ಬಾಯಲ್ಲಿ. ಜೊಲ್ಲಿಗೆ ಅಂಗಿಯೆಲ್ಲ ಒದ್ದೆ. ಎದೆ ಮೊದಲಿನ ಹಾಗೆ ಗಟ್ಟಿಯಾಗಿ ತುಂಬುತ್ತಿಲ್ಲ, ಮೆತ್ತಗಿದೆ. "ಹಾಲು ಸಾಕಾಗ್ತಿಲ್ಲ ಅನ್ಸುತ್ತೆ ಮೇಡಂ" ಅನ್ನುವಾಗ ಆಕೆಯ ದನಿ ಸಣ್ಣದಾಯಿತು. ಈ ಮಾತನ್ನು ಅತ್ತೆಯ ಎದುರು ಹೇಳುವುದು ಎಷ್ಟು ಕಷ್ಟ ಎಂದು ಹೆತ್ತವರಿಗೆ ಗೊತ್ತು.

ಆಕೆ ಒಂದು ಬ್ಯಾಂಕಿನಲ್ಲಿ ಗುಮಾಸ್ತೆ. ಹೆರಿಗೆ ರಜೆ 26 ವಾರ. 2017ರ ತಿದ್ದುಪಡಿಯ ನಂತರ ಕಾನೂನು ಕೊಡುವ ರಜೆ ಅಷ್ಟು. ಅದರಲ್ಲಿ ಮೂರು ವಾರ ಹೆರಿಗೆಗೆ ಮುಂಚೆಯೇ ಹೋಗಿತ್ತು. ಉಳಿದದ್ದು 23 ವಾರ. ಅಂದರೆ ಮಗುವಿಗೆ ಐದು ತಿಂಗಳು ದಾಟಿ ಒಂದು ವಾರ ಆಗುವಷ್ಟರಲ್ಲಿ ಕೆಲಸಕ್ಕೆ ಹಾಜರಾಗಬೇಕು. ಆರು ತಿಂಗಳು ಬರೀ ಎದೆಹಾಲು ಕೊಡಿ ಎಂದು ಹೇಳುವ ನಾವು ಈ ಲೆಕ್ಕವನ್ನು ಎಷ್ಟೋ ಸಲ ಕೇಳುವುದೇ ಇಲ್ಲ. 26 ವಾರ ಅಂದರೆ ಆರು ತಿಂಗಳು ಸರಿಹೋಯಿತಲ್ಲ ಅಂದುಕೊಳ್ಳುತ್ತೇವೆ. ಹೆರಿಗೆಗೆ ಮುಂಚೆ ರಜೆ ಹಾಕಿದ ಪ್ರತಿ ತಾಯಿಗೂ ಅಷ್ಟು ದಿನ ಕಡಿಮೆ ಬೀಳುತ್ತದೆ. ಅದಕ್ಕೇ ಈ ಮನೆಯಲ್ಲಿ "ಈಗಿನಿಂದಲೇ ಒಂದು ಹೊತ್ತು ಸರಿ ಅಭ್ಯಾಸ ಮಾಡಿಸೋಣ" ಎಂಬ ಮಾತು ಹುಟ್ಟಿತ್ತು.

ಕೊನೆಯದಾಗಿ ಮುಹೂರ್ತ. ಹೆಣ್ಣು ಮಗುವಿಗೆ ಬೆಸ ತಿಂಗಳಲ್ಲಿ, ಗಂಡು ಮಗುವಿಗೆ ಸಮ ತಿಂಗಳಲ್ಲಿ ಅನ್ನಪ್ರಾಶನ ಮಾಡುವ ಪದ್ಧತಿ ನಮ್ಮಲ್ಲಿ ಇದೆ. ಗಂಡಿಗೆ ಆರು, ಎಂಟು. ಹೆಣ್ಣಿಗೆ ಐದು, ಏಳು. ಇವರು ಐದನೇ ತಿಂಗಳಲ್ಲೇ ಹೊರನಾಡಿಗೆ ಹೋಗಿ, ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಮೊದಲ ತುತ್ತು ಇಡಿಸಬೇಕು ಎಂದುಕೊಂಡಿದ್ದರು. ಗಾಡಿಯೂ ಗೊತ್ತಾಗಿತ್ತು. ಮುಂದಿನ ವಾರವೇ ಹೊರಡಬೇಕು.

ಇಷ್ಟರಲ್ಲಿ ಒಂದೂ ಬೇಜವಾಬ್ದಾರಿಯ ಮಾತಲ್ಲ. ಅಜ್ಜಿಯ ಮಾತಿಗೂ ಒಂದು ಇತಿಹಾಸ ಇದೆ. ಈ ಮಗುವಿನ ತಂದೆ ಹುಟ್ಟಿದ್ದು 1990ರ ದಶಕದಲ್ಲಿ. ಆಗ ವಿಶ್ವ ಆರೋಗ್ಯ ಸಂಸ್ಥೆಯೇ 4ರಿಂದ 6 ತಿಂಗಳೊಳಗೆ ಮೇಲಾಹಾರ ಶುರು ಮಾಡಿ ಎನ್ನುತ್ತಿತ್ತು. ಮಕ್ಕಳ ಆಹಾರದ ಮಾರಾಟಕ್ಕೆ ಕಡಿವಾಣ ಹಾಕಿದ ನಮ್ಮ 1992ರ ಕಾನೂನಿನಲ್ಲೂ ನಾಲ್ಕು ತಿಂಗಳು ಎಂದೇ ಇತ್ತು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ಪೂರ್ತಿ ಎಂದು ಬದಲಿಸಿತು. 2003ರಲ್ಲಿ ನಮ್ಮ ಕಾನೂನಿಗೂ ತಿದ್ದುಪಡಿ ಬಂತು. ಅಂದಿನ ಡಾಕ್ಟರು ಹೇಳಿದ್ದನ್ನೇ ಅಜ್ಜಿ ಮಾಡಿದ್ದರು. ಇದನ್ನು ಹೇಳಿದಾಗ ಅವರ ಮುಖ ಸಡಿಲವಾಯಿತು. ಹಿರಿಯರಿಗೆ "ನಿಮ್ಮ ಕಾಲದಲ್ಲಿ ಅದು ಸರಿಯೇ ಆಗಿತ್ತು" ಎಂದು ಹೇಳಿದರೆ ಮುಂದಿನ ಮಾತು ಕೇಳುತ್ತಾರೆ. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ, ನಿಜವೂ ಹೌದು.

ಹಾಲು ಸಾಕಾಗುತ್ತಿದೆಯಾ?

ಊಟಕ್ಕೆ ಮಗು ತಯಾರಾಗಿದೆಯಾ ಎಂದು ನೋಡುವ ಮೊದಲು ಈ ಪ್ರಶ್ನೆ ಮುಗಿಸಬೇಕು. ಹಾಲು ನಿಜವಾಗಲೂ ಕಡಿಮೆಯಾಗಿದ್ದರೆ ಅದರ ದಾರಿ ಬೇರೆ. ರಾಗಿ ಸರಿ ತಿನ್ನಿಸುವುದು ಅದಕ್ಕೆ ಉತ್ತರವಲ್ಲ.

ಮಗುವಿನ ತೂಕ, ಚುಚ್ಚುಮದ್ದು ಬರೆದಿಡುವ ತಾಯಿ ಕಾರ್ಡನ್ನು ತೆಗೆದು ನೋಡಿದೆವು. ಆರು ವಾರಕ್ಕೆ 3.9 ಕೆ.ಜಿ., 14 ವಾರಕ್ಕೆ 5.2 ಕೆ.ಜಿ. ಆಮೇಲೆ ಖಾಲಿ. ಯಾಕೆ ಖಾಲಿ? ಸರ್ಕಾರಿ ಲಸಿಕೆ ಪಟ್ಟಿಯಲ್ಲಿ 14 ವಾರದ ನಂತರ ಮುಂದಿನ ಚುಚ್ಚುಮದ್ದು ಇರುವುದು 9 ತಿಂಗಳಿಗೆ. ನಡುವೆ ಐದೂವರೆ ತಿಂಗಳು ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಕಾರಣವೇ ಇರುವುದಿಲ್ಲ. ಊಟ ಯಾವಾಗ, ಏನು, ಹೇಗೆ ಎಂಬ ನಿರ್ಧಾರಗಳೆಲ್ಲ ಆಗುವುದು ಇದೇ ಐದೂವರೆ ತಿಂಗಳಲ್ಲಿ! ಆಶಾ ಕಾರ್ಯಕರ್ತೆಯರು 3, 6, 9 ತಿಂಗಳಿಗೆ ಮನೆಗೆ ಬಂದು ನೋಡುವ ಕಾರ್ಯಕ್ರಮ 2018ರಿಂದ ಇದೆ. ಆದರೂ ನಾಲ್ಕು, ಐದನೇ ತಿಂಗಳ ಈ ಗೊಂದಲದ ಹೊತ್ತಿನಲ್ಲಿ ತಾಯಿ ಒಬ್ಬಳೇ. ಆಗೊಮ್ಮೆ ಅಂಗನವಾಡಿಗೆ ಹೋಗಿ ತೂಕ ಮಾಡಿಸಿದರೂ ಅರ್ಧ ಚಿಂತೆ ಕಳೆಯುತ್ತದೆ.

ಈ ದಿನದ ತೂಕವನ್ನು ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆಯ ಮೇಲೆ ಗುರುತು ಮಾಡಿದೆವು. ಈ ವಯಸ್ಸಿನ ಹೆಣ್ಣು ಮಕ್ಕಳ ಸರಾಸರಿಗಿಂತ ಮಗು ಸ್ವಲ್ಪ ಹಗುರ. ಆದರೆ ಹುಟ್ಟಿದಾಗಲೂ ಹಗುರವೇ ಇತ್ತು. ತನ್ನ ಗೆರೆ ಬಿಟ್ಟು ಕೆಳಗೆ ಇಳಿದಿಲ್ಲ, ಅದರ ಮೇಲೆಯೇ ನಡೆದಿದೆ. ದಿನಕ್ಕೆ ಏಳೆಂಟು ಸಲ ಮೂತ್ರ ಮಾಡುತ್ತಿದೆ. ಚುರುಕಾಗಿದೆ. ಡಾಕ್ಟರೂ ನೋಡಿದರು. ಹಾಲು ಸಾಕಾಗುತ್ತಿದೆ.

ಹಾಗಾದರೆ ಎದೆ ಮೆತ್ತಗಾಗಿದ್ದು? ಮೊದಲ ಒಂದೆರಡು ತಿಂಗಳು ಹಾಲು ಬೇಕಾದ್ದಕ್ಕಿಂತ ಜಾಸ್ತಿ ಬಂದು ಎದೆ ಬಿಗಿಯುತ್ತದೆ. ಆಮೇಲೆ ಮಗು ಕುಡಿಯುವಷ್ಟೇ ಬರುವ ಹಾಗೆ ಮೈ ಹೊಂದಿಕೊಳ್ಳುತ್ತದೆ. ಮೆತ್ತಗಿದ್ದರೆ ಹಾಲಿಲ್ಲ ಅಂತಲ್ಲ.

ರಾತ್ರಿ ಏಳುವುದಕ್ಕೂ ಕಾರಣ ಸಿಕ್ಕಿತು. ನಾಲ್ಕನೇ ತಿಂಗಳ ಹೊತ್ತಿಗೆ ಮಕ್ಕಳ ನಿದ್ದೆಯ ರೀತಿ ಬದಲಾಗುತ್ತದೆ, ಮಧ್ಯೆ ಮಧ್ಯೆ ಎಚ್ಚರವಾಗುತ್ತದೆ. ಜೊತೆಗೆ ಈ ವಯಸ್ಸಿಗೆ ಸುತ್ತಲಿನದೆಲ್ಲ ಕಾಣತೊಡಗುತ್ತದೆ. ಹಗಲು ಹಾಲು ಕುಡಿಯುವಾಗ ಯಾರೋ ಬಂದರೆ ತಿರುಗಿ ನೋಡುತ್ತದೆ, ಟಿ.ವಿ. ಸದ್ದಾದರೆ ಎದೆ ಬಿಡುತ್ತದೆ. ಹಗಲು ಬಿಟ್ಟ ಹಾಲನ್ನು ರಾತ್ರಿ ಕುಡಿಯುತ್ತದೆ. ಈ ಮನೆ ತುಂಬು ಕುಟುಂಬ, ಹಗಲೆಲ್ಲ ಜನ. "ಹಾಲು ಕೊಡುವಾಗ ಒಳಗಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಳ್ಳಿ" ಎಂದೆವು.

ಕೈ ಚೀಪುವುದು, ಜೊಲ್ಲು ಸುರಿಸುವುದು ಮೂರು, ನಾಲ್ಕು ತಿಂಗಳ ಎಲ್ಲ ಮಕ್ಕಳ ಕೆಲಸ. ಕೈ ಇದೆ ಎಂದು ಗೊತ್ತಾಗಿದೆ, ಅದನ್ನು ಬಾಯಿಗೆ ತರಲು ಬಂದಿದೆ, ಅಷ್ಟೆ. ತಟ್ಟೆ ನೋಡುವುದೂ ಹಾಗೇ. ಆ ಮಗು ತಟ್ಟೆಯನ್ನು ಎಷ್ಟು ಆಸೆಯಿಂದ ನೋಡುತ್ತದೋ ಅಜ್ಜಿಯ ಕೀಲಿಕೈ ಗೊಂಚಲನ್ನೂ ಅಷ್ಟೇ ಆಸೆಯಿಂದ ನೋಡುತ್ತಿತ್ತು. ನಮ್ಮ ಕಣ್ಣೆದುರೇ ಅದು ನಡೆಯಿತು.

ತಾಯಿ ಕೈ ತೊಳೆಯಲು ಹೋದಾಗ ಅಜ್ಜಿ ಇನ್ನೊಂದು ವಿಷಯ ಹೇಳಿದರು. ಒಂದು ವಾರದಿಂದ ಸಂಜೆ ಎರಡು ಒಳಲೆ (ಮಗುವಿಗೆ ಹಾಲು ಕುಡಿಸುವ, ಮೂತಿ ಇರುವ ಪುಟ್ಟ ಬಟ್ಟಲು) ಗಂಜಿ ತಿಳಿ ಕುಡಿಸುತ್ತಿದ್ದರು. ಸೊಸೆಗೆ ಹೇಳಿರಲಿಲ್ಲ. ಗದರಿಸುವ ವಿಷಯ ಅಲ್ಲ ಇದು. ಮಗು ಹಸಿದಿದೆ ಎಂಬ ಸಂಕಟದಿಂದಲೇ ಕೊಟ್ಟದ್ದು. ಲೆಕ್ಕ ಮಾತ್ರ ಹೇಳಿದೆ. ಮಗುವಿನ ಹೊಟ್ಟೆ ಹಿಡಿಸುವುದು ಕೆ.ಜಿ. ತೂಕಕ್ಕೆ ಸುಮಾರು 30 ಮಿ.ಲೀ. ಈ ಮಗುವಿಗೆ ಹೆಚ್ಚೆಂದರೆ 180 ಮಿ.ಲೀ. ನೂರು ಮಿ.ಲೀ. ಎದೆಹಾಲಿನಲ್ಲಿ 65ರಿಂದ 70 ಕ್ಯಾಲೊರಿ ಇರುತ್ತದೆ. ಗಂಜಿ ತಿಳಿಯಲ್ಲಿ ಅದರ ಕಾಲು ಭಾಗವೂ ಕಷ್ಟ. ತಿಳಿ ತುಂಬಿದ ಜಾಗದಲ್ಲಿ ಹಾಲು ಹಿಡಿಯುವುದಿಲ್ಲ. ಹೊಟ್ಟೆ ತುಂಬಿ ಮಲಗುತ್ತದೆ, ಆದರೆ ಮೈಗೆ ಸಿಗುವುದು ಕಡಿಮೆ. "ಅಯ್ಯೋ, ಅದಕ್ಕೇ ಮಧ್ಯರಾತ್ರಿ ಏಳ್ತಿತ್ತೇನೋ" ಎಂದರು ಅಜ್ಜಿ. ಇರಬಹುದು.

ಕತ್ತು, ಕೈ, ನಾಲಿಗೆ

ಮಗು ತಯಾರಾಗಿದೆ ಎಂದು ಹೇಳಲು ನಾವು ನೋಡುವುದು ಮೂರು ವಿಷಯ. ಮೂರೂ ಒಟ್ಟಿಗೆ ಇರಬೇಕು. ಕತ್ತು ಗಟ್ಟಿ ನಿಂತು, ಸ್ವಲ್ಪ ಆಸರೆ ಕೊಟ್ಟರೆ ನೆಟ್ಟಗೆ ಕೂರಬೇಕು. ಕಣ್ಣಿಗೆ ಕಂಡದ್ದನ್ನು ಕೈಯಲ್ಲಿ ಹಿಡಿದು ತಾನೇ ಬಾಯಿಗೆ ಒಯ್ಯಬೇಕು. ಬಾಯಿಗೆ ಬಂದದ್ದನ್ನು ನಾಲಿಗೆ ಹೊರಗೆ ತಳ್ಳದೆ ಒಳಗೆ ತೆಗೆದುಕೊಂಡು ನುಂಗಬೇಕು. ಹುಟ್ಟಿದಾಗಿನ ತೂಕ ಎರಡರಷ್ಟಾದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಈ ಮಗು ಅದನ್ನು ಆಗಲೇ ದಾಟಿತ್ತು. ಅದೊಂದೇ ಏನನ್ನೂ ಹೇಳುವುದಿಲ್ಲ.

ಮಗುವನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿದೆವು, ಸೊಂಟಕ್ಕೆ ಮಾತ್ರ ಕೈ ಆಸರೆ. ಸ್ವಲ್ಪ ಹೊತ್ತು ಚೆನ್ನಾಗಿಯೇ ಕೂತಿತು. ಆಮೇಲೆ ಬೆನ್ನು ಬಾಗಿತು. ತಲೆ ಮುಂದಕ್ಕೆ ವಾಲಿ, ಗಲ್ಲ ಎದೆಗೆ ತಾಗಿತು. ಗಿಲಕಿ ತೋರಿಸಿದರೆ ಎರಡೂ ಕೈ ಬೀಸಿತು, ಹಿಡಿಯಲು ಆಗಲಿಲ್ಲ. ಕೈಗೆ ಕೊಟ್ಟರೆ ಹಿಡಿಯಿತು, ಬಾಯಿಗೆ ತರುವ ಬದಲು ಕೆನ್ನೆಗೆ ಹೊಡೆದುಕೊಂಡಿತು.

ಆಮೇಲೆ ಚಮಚ. ತಾಯಿಯ ಹಾಲನ್ನೇ ಒಂದು ಹನಿ ಚಮಚಕ್ಕೆ ಸವರಿ ಕೆಳತುಟಿಯ ಮೇಲೆ ಇಟ್ಟೆವು. ತಕ್ಷಣ ನಾಲಿಗೆ ಹೊರಗೆ ಬಂತು, ಚಮಚವನ್ನು ತಳ್ಳಿತು. ಮತ್ತೆ ಇಟ್ಟೆವು, ಮತ್ತೆ ತಳ್ಳಿತು. ಹಾಲು ಗಲ್ಲದ ಮೇಲೆ ಇಳಿಯಿತು. "ರುಚಿ ಹಿಡಿಸಲಿಲ್ಲ ಅದಕ್ಕೆ" ಎಂದರು ಅಜ್ಜಿ. ಆದರೆ ಅದು ದಿನಾ ಕುಡಿಯುವ ಅಮ್ಮನ ಹಾಲೇ ಅಲ್ವಾ? ರುಚಿಯ ಮಾತಲ್ಲ ಇದು. ಬಾಯಿಗೆ ಗಟ್ಟಿಯಾಗಿ ತಾಗಿದ್ದು ಗಂಟಲಿಗೆ ಇಳಿಯದ ಹಾಗೆ ಕಾಯುವ ಗುಣ. ಹುಟ್ಟುವಾಗಲೇ ಬಂದಿರುತ್ತದೆ. ನಾಲ್ಕರಿಂದ ಆರು ತಿಂಗಳ ನಡುವೆ ತಾನಾಗಿಯೇ ಕಡಿಮೆಯಾಗುತ್ತದೆ.

ಆಗ ಅಜ್ಜಿ ಕೇಳಿದ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. "ಒಳಲೇಲಿ ಗಂಜಿ ತಿಳಿ ಹಾಕಿದ್ರೆ ಸರಾಗ ಕುಡೀತು. ಆಗ ನಾಲಿಗೆ ಯಾಕೆ ತಳ್ಳಲಿಲ್ಲ?" ಹೇಗೆ ಕುಡಿಸಿದಿರಿ ಎಂದು ಕೇಳಿದೆ. ಅವರು ಎರಡೂ ಕಾಲು ಚಾಚಿ, ಮಗುವನ್ನು ಕಾಲಿನ ಮೇಲೆ ಅಂಗಾತ ಮಲಗಿಸಿ, ಒಳಲೆಯ ಮೂತಿಯನ್ನು ಬಾಯಿಯ ಓರೆಗೆ ಇಟ್ಟು ತೋರಿಸಿದರು. ಉತ್ತರ ಅಲ್ಲೇ ಇತ್ತು. ನೀರಾಗಿರುವುದು ತಾನೇ ಹರಿದು ಗಂಟಲಿಗೆ ಇಳಿಯುತ್ತದೆ, ನಾಲಿಗೆಯ ಕೆಲಸ ಕಡಿಮೆ. ಸರಿಯಂತಹ ಗಟ್ಟಿ ಪದಾರ್ಥವನ್ನು ನಾಲಿಗೆಯೇ ಹಿಂದಕ್ಕೆ ಸಾಗಿಸಬೇಕು.

ಕಾಲ ಮೇಲೆ ಮಲಗಿಸಿ ತಿನ್ನಿಸುವ ರೂಢಿ ಇರುವ ಮನೆಯಲ್ಲಿ ಮಗುವಿಗೆ ಕೂರಲು ಬರುತ್ತದಾ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕತ್ತು ನಿಲ್ಲದಿದ್ದರೂ ನಡೆಯುತ್ತದೆ. ಸರಿಯನ್ನು ತೆಳ್ಳಗೆ ಮಾಡಿದರೆ ನಾಲಿಗೆ ತಳ್ಳುವುದೂ ಗೊತ್ತಾಗುವುದಿಲ್ಲ. ಮಗು ಇನ್ನೂ ತಯಾರಿಲ್ಲ ಎಂದು ಹೇಳುವ ಎರಡು ಮುಖ್ಯ ಲಕ್ಷಣಗಳೂ ಹೀಗೆ ಮರೆಯಾಗುತ್ತವೆ. ಮಲಗಿಸಿ ಗಟ್ಟಿ ಆಹಾರ ಹಾಕಿದರೆ ಉಸಿರಿನ ದಾರಿಗೆ ಹೋಗುವ ಅಪಾಯವೂ ಇದೆ. ಒಳಲೆ ಒಳ್ಳೆಯ ಸಾಧನ, ಹಾಲಿಗೆ. ಅದನ್ನೂ ತಲೆ ಎತ್ತರಕ್ಕೆ ಇಟ್ಟು ಕೊಡಬೇಕು.

ಯುರೋಪಿನ ಮಕ್ಕಳ ತಜ್ಞರು ನಾಲ್ಕು ತಿಂಗಳು ತುಂಬುವ ಮೊದಲು ಬೇಡ, ಆರು ದಾಟಿಸಲೂ ಬೇಡ ಎನ್ನುತ್ತಾರೆ. ಓದಿಕೊಂಡ ತಂದೆ ತಾಯಿ ಇದನ್ನು ಕೇಳುತ್ತಾರೆ. ಈ ಮಗುವಿನ ತಂದೆಯೂ ಫೋನಿನಲ್ಲಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಆದರೆ ನಮ್ಮಲ್ಲಿ ನೀರು, ಪಾತ್ರೆ, ನೊಣ ಎಲ್ಲವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಬೆಲಾರೂಸ್ ದೇಶದ ದೊಡ್ಡ ಅಧ್ಯಯನವೊಂದರಲ್ಲಿ, ಮೂರು ತಿಂಗಳಿಗೆ ಬೇರೆ ಆಹಾರ ಶುರು ಮಾಡಿದ ಮಕ್ಕಳಿಗಿಂತ ಆರು ತಿಂಗಳು ಬರೀ ಎದೆಹಾಲು ಕುಡಿದ ಮಕ್ಕಳಲ್ಲಿ ಹೊಟ್ಟೆಯ ಸೋಂಕು ಕಡಿಮೆ ಕಂಡಿತ್ತು. ಅದೂ ಶುದ್ಧ ನೀರು ಸಿಗುವ ಜಾಗದಲ್ಲಿ. ಇನ್ನು ಈ ಮಗುವಿನ ಕತ್ತು, ಕೈ, ನಾಲಿಗೆ ಮೂರೂ ಬೇಡ ಎನ್ನುತ್ತಿರುವಾಗ ತಿಂಗಳ ವಾದವೇ ಬೇಕಿರಲಿಲ್ಲ.

ತಿಂಗಳ ಲೆಕ್ಕ

ಮುಹೂರ್ತದ ಮಾತು ಉಳಿಯಿತು. ಅಜ್ಜಿ ಇದರಲ್ಲಿ ಬಗ್ಗುವವರಲ್ಲ. ಬಗ್ಗಿಸಬೇಕಾದ ಅಗತ್ಯವೂ ಇರಲಿಲ್ಲ.

ಐದನೇ ತಿಂಗಳು ನಡೆಯುತ್ತಿದೆ ಎಂದರೆ ನಾಲ್ಕು ತುಂಬಿದೆ ಎಂದರ್ಥ. ಡಾಕ್ಟರು ಹೇಳುವುದು ಆರು ತುಂಬಿದ ಮೇಲೆ, ಅಂದರೆ 180 ದಿನ ಕಳೆದ ಮೇಲೆ. ಆರು ತುಂಬಿದರೆ ನಡೆಯುವುದು ಎಷ್ಟನೇ ತಿಂಗಳು? ಏಳನೆಯದು. ಏಳು ಬೆಸ ಸಂಖ್ಯೆ. ಹೆಣ್ಣು ಮಗುವಿಗೆ ಪದ್ಧತಿಯೇ ಒಪ್ಪುವ ತಿಂಗಳು. "ಏಳನೇ ತಿಂಗಳಲ್ಲಿ ಮುಹೂರ್ತ ಸಿಗುತ್ತದಾ ಎಂದು ಪುರೋಹಿತರನ್ನೇ ಕೇಳಿ ನೋಡಿ ಅಮ್ಮ" ಎಂದೆ. ಅಜ್ಜಿ ಅಲ್ಲಿಂದಲೇ ಫೋನ್ ಮಾಡಿದರು. ಅವರು ಪಂಚಾಂಗ ನೋಡಿ ಸಂಜೆ ಹೇಳುತ್ತೇನೆ ಎಂದರಂತೆ. ಸಂಜೆಗೆ ದಿನ ಗೊತ್ತಾಯಿತು. ಮಗುವಿಗೆ 6 ತಿಂಗಳು 8 ದಿನ ಆಗುವ ದಿನ.

ಇದೇ ತಪ್ಪು ಲೆಕ್ಕ ಗಂಡು ಮಕ್ಕಳಲ್ಲೂ ಆಗುತ್ತದೆ. "ಆರನೇ ತಿಂಗಳು" ಎಂದು ಐದು ತುಂಬಿದ ಕೂಡಲೇ ಶುರು ಮಾಡುತ್ತಾರೆ. ಡಾಕ್ಟರೂ ಆರು ಅಂದರು, ಪುರೋಹಿತರೂ ಆರು ಅಂದರು, ನಡುವೆ ಒಂದು ತಿಂಗಳು ಜಾರಿ ಹೋಗುತ್ತದೆ. ಹುಟ್ಟಿದ ತಾರೀಖಿನಿಂದ 180 ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಈ ಮನೆಯಲ್ಲಿ ಹಾಗೇ ಮಾಡಿದರು.

ಗೊತ್ತಾಗಿದ್ದ ಗಾಡಿಯಲ್ಲಿ ಮುಂದಿನ ವಾರ ಹೊರನಾಡಿಗೆ ಹೋಗಿ ದರ್ಶನ ಮಾಡಿಕೊಂಡು ಬಂದರು. ಮಗುವಿನ ಬಾಯಿಗೆ ಏನೂ ಹಾಕಲಿಲ್ಲ.

ಕೆಲಸಕ್ಕೆ ಹೋದ ಮೇಲೆ

ಬ್ಯಾಂಕು ಮನೆಯಿಂದ ದೂರ. ಮಧ್ಯಾಹ್ನ ಬಂದು ಹಾಲು ಕೊಟ್ಟು ಹೋಗುವಂತಿರಲಿಲ್ಲ. ಹಾಲು ಹಿಂಡಿ ಇಡುವುದೊಂದೇ ದಾರಿ. ಕೈಯಿಂದ ಹಿಂಡುವುದನ್ನು ನರ್ಸ್ ಕಲಿಸಿದರು. ಮೊದಲ ಸಲ ಬಟ್ಟಲಿನ ತಳ ಮುಚ್ಚುವಷ್ಟು ಬಂತು. ಆಕೆಗೆ ಅಳು ಬಂತು. ದಿನಾ ಒಂದೇ ಹೊತ್ತಿಗೆ ಹಿಂಡುತ್ತಾ ಹೋದ ಹಾಗೆ ಜಾಸ್ತಿಯಾಯಿತು. ಕುದಿಸಿ ತೊಳೆದ ಮುಚ್ಚಳದ ಸ್ಟೀಲ್ ಲೋಟದಲ್ಲಿ ಫ್ರಿಜ್ಜಿನೊಳಗೆ ಇಟ್ಟರೆ 24 ಗಂಟೆಯೊಳಗೆ ಬಳಸಬೇಕು. ಹೊರಗಿಟ್ಟರೆ ನಾಲ್ಕು ಗಂಟೆ ಮೀರಬಾರದು. ಬಿಸಿ ಮಾಡಲು ಒಲೆಯ ಮೇಲೆ ಇಡಬಾರದು, ಬಿಸಿನೀರಿನ ಪಾತ್ರೆಯೊಳಗೆ ಲೋಟ ಇಟ್ಟರೆ ಸಾಕು.

ಕುಡಿಸುವ ಕೆಲಸ ಅಜ್ಜಿಯದು. ಒಳಲೆ ಮತ್ತೆ ಅವರ ಕೈಗೆ ಬಂತು. ಬಾಟಲಿಗಿಂತ ಅದೇ ಮೇಲು, ತೊಳೆಯುವುದು ಸುಲಭ. ಮೊಮ್ಮಗಳಿಗೆ ತನ್ನ ಕೈಯಾರೆ ಏನಾದರೂ ಕೊಡಬೇಕು ಎಂಬ ಅವರ ಆಸೆಯೂ ತೀರಿತು. ಸರಿಗೆ ಅವಸರ ಮಾಡಿದ್ದರಲ್ಲಿ ಈ ಆಸೆಯ ಪಾಲು ದೊಡ್ಡದಿತ್ತು ಎಂದು ನನಗನಿಸುತ್ತದೆ.

ಮಗುವಿಗೆ 15 ತಿಂಗಳು ಆಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು ಎಂದು ಕಾನೂನಿನಲ್ಲೇ ಇದೆ. ಆಕೆಗೆ ಇದು ಗೊತ್ತಿರಲಿಲ್ಲ. ಕೇಳಿದ ಮೇಲೆ ಬ್ಯಾಂಕಿನಲ್ಲಿ ಕಡತ ಇಡುವ ಕೋಣೆಯನ್ನು ಬಿಟ್ಟುಕೊಟ್ಟರು. ಒಳಗಿನಿಂದ ಚಿಲಕ ಇತ್ತು, ಅಷ್ಟು ಸಾಕಾಯಿತು.

ಆರು ತುಂಬಿದ ದಿನಗಳು

6 ತಿಂಗಳು 3 ದಿನಕ್ಕೆ ಮತ್ತೆ ಬಂದರು. ತೂಕ 6.5 ಕೆ.ಜಿ. ಅಜ್ಜಿಯ ತೊಡೆಯ ಮೇಲೆ ಕೂರಿಸಿದ ಕೂಡಲೇ ಮುಂದಕ್ಕೆ ಬಾಗಿ ನನ್ನ ಮೇಜಿನ ಮೇಲಿದ್ದ ಪೆನ್ನಿಗೆ ಕೈ ಹಾಕಿತು. ಹಿಡಿಯಿತು, ನೇರ ಬಾಯಿಗೆ ಒಯ್ದಿತು. ತಲೆ ಅಲುಗಲಿಲ್ಲ. ಚಮಚ ತೋರಿಸಿದರೆ ಬಾಯಿ ತೆರೆದು ತಾನೇ ಮುಂದೆ ಬಂತು. ತುಟಿ ಮುಚ್ಚಿ ಚಮಚದ ಮೇಲಿನದನ್ನು ಎಳೆದುಕೊಂಡಿತು, ನುಂಗಿತು. ಐದಾರು ವಾರದಲ್ಲಿ ಎಷ್ಟು ಬದಲು! ಅಜ್ಜಿ ಏನೂ ಹೇಳಲಿಲ್ಲ, ನಗುತ್ತಿದ್ದರು.

ಇನ್ನು ತಡ ಮಾಡಬಾರದು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿದೆವು. ಬೇಗ ಶುರು ಮಾಡಬೇಡಿ ಎಂದು ಹೇಳುವ ಭರದಲ್ಲಿ ಈ ಮಾತು ಹಿಂದೆ ಬೀಳುತ್ತದೆ. ಹಲ್ಲು ಬರಲಿ, ಚಳಿ ಕಳೆಯಲಿ ಎಂದು ಎಂಟು, ಒಂಬತ್ತು ತಿಂಗಳವರೆಗೆ ಕಾಯುವ ಮನೆಗಳು ಬೇಕಾದಷ್ಟಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 6ರಿಂದ 8 ತಿಂಗಳ ಮಕ್ಕಳಲ್ಲಿ ಎದೆಹಾಲಿನ ಜೊತೆ ಊಟವೂ ಸಿಗುತ್ತಿದ್ದದ್ದು ದೇಶದಲ್ಲಿ 45.9% ಮಕ್ಕಳಿಗೆ ಮಾತ್ರ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಪಡೆದು ಕೂಡಿಟ್ಟ ಕಬ್ಬಿಣಾಂಶ ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ 65.5% ಮಕ್ಕಳಿಗೆ ರಕ್ತಹೀನತೆ ಇತ್ತು. ಮೂವರಲ್ಲಿ ಇಬ್ಬರು!

ಅನ್ನಪ್ರಾಶನಕ್ಕೆ ಒಂದೇ ಮಾತು ಹೇಳಿದ್ದು: ಪಾಯಸಕ್ಕೆ ಜೇನುತುಪ್ಪ ಬೇಡ. ಒಂದು ವರ್ಷ ತುಂಬುವವರೆಗೆ ಜೇನು ನೆಕ್ಕಿಸಲೂ ಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಯ ಮಕ್ಕಳಿಗೆ ಅಪಾಯ.

ಅಜ್ಜಿ ಸರಿ ಹಿಟ್ಟು ತಯಾರು ಮಾಡಿ ಕಾಯುತ್ತಿದ್ದರು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟು. ಇದರಲ್ಲಿ ಎಂಥಾ ಜಾಣತನ ಇದೆ ಗೊತ್ತಾ? ಮೊಳಕೆ ಬಂದಾಗ ರಾಗಿಯ ಗಂಜಿಯಂಶ ಒಡೆಯತೊಡಗುತ್ತದೆ. ಬೇಯಿಸಿದಾಗ ಸಾದಾ ರಾಗಿಯಷ್ಟು ಅಂಟಾಗುವುದಿಲ್ಲ. ಹಾಗಾಗಿ ಅಷ್ಟೇ ನೀರಿಗೆ ಜಾಸ್ತಿ ಹಿಟ್ಟು ಹಾಕಬಹುದು. ಪುಟ್ಟ ಹೊಟ್ಟೆಗೆ ಒಂದೊಂದು ಚಮಚದಲ್ಲೂ ಜಾಸ್ತಿ ಶಕ್ತಿ ಸಿಗುತ್ತದೆ. ಕಬ್ಬಿಣ ಮೈಗೆ ಹತ್ತುವುದೂ ಸ್ವಲ್ಪ ಸುಲಭವಾಗುತ್ತದೆ. ತಂದೆ ಅಂಗಡಿಯಿಂದ ತಂದಿದ್ದ ಡಬ್ಬಿಯ ಪುಡಿಗಿಂತ ಇದೇ ಆಗಬಹುದು ಎಂದೆವು.

ಹದ ಮಾತ್ರ ನೋಡಬೇಕು. ಚಮಚ ಓರೆ ಮಾಡಿದರೆ ಸುರಿಯಬಾರದು, ಚಮಚದ ಮೇಲೆ ನಿಲ್ಲಬೇಕು. ಮೊದಲು ಎರಡು ಮೂರು ಚಮಚ, ದಿನಕ್ಕೆ ಎರಡು ಹೊತ್ತು. ಅರ್ಧ ಚಮಚ ತುಪ್ಪ. ಉಪ್ಪು, ಸಕ್ಕರೆ, ಬೆಲ್ಲ ಒಂದು ವರ್ಷದವರೆಗೆ ಬೇಡ. "ಉಪ್ಪಿಲ್ಲದೆ ಹೆಂಗಮ್ಮ ತಿನ್ನುತ್ತೆ?" ಎಂದು ಅಜ್ಜಿ ತಕರಾರು ತೆಗೆದರು. ನಾವು ರುಚಿ ಬಲ್ಲವರು, ಅದು ಇನ್ನೂ ಬಲ್ಲದು ಎಂದೆ. ಪೂರ್ತಿ ಒಪ್ಪಿದರೋ ಇಲ್ಲವೋ ಹೇಳಲಾರೆ.

ರಾಗಿಯಲ್ಲಿ ಸುಣ್ಣದಂಶ ಭಾರಿ ಇದೆ, 100 ಗ್ರಾಂಗೆ 340 ಮಿ.ಗ್ರಾಂಗಿಂತ ಜಾಸ್ತಿ. ಆದರೆ ಕಬ್ಬಿಣಕ್ಕೆ ಅದೊಂದನ್ನೇ ನಂಬುವಂತಿಲ್ಲ. ಒಂದು ವಾರದೊಳಗೆ ಹೆಸರುಬೇಳೆ, ನುಣ್ಣಗೆ ಬೆಂದ ಸೊಪ್ಪು, ಅನ್ನ, ಹಣ್ಣು ಒಂದೊಂದಾಗಿ ಬರಲಿ ಎಂದೆವು. ಈ ಮನೆಯಲ್ಲಿ ಮೊಟ್ಟೆ, ಕೋಳಿ ತಿನ್ನುತ್ತಾರೆ. ಮೊಟ್ಟೆಯನ್ನು ವರ್ಷ ತುಂಬುವವರೆಗೆ ತಡೆಯುವ ಅಗತ್ಯ ಇಲ್ಲ. ಚೆನ್ನಾಗಿ ಬೇಯಿಸಿ, ಹಿಸುಕಿ ಕೊಡಬಹುದು. ಎದೆಹಾಲು ಎರಡು ವರ್ಷ, ಅದಕ್ಕೂ ಮುಂದೆ ನಡೆಯಲಿ.

ಒಂದು ಹೆದರಿಕೆ

ಒಂದು ವಾರ ಎಲ್ಲ ಸುಗಮ. ಆಮೇಲೆ ಸಂಜೆ ಫೋನು. ಹಿಸುಕಿದ ಆಲೂಗಡ್ಡೆ ಕೊಟ್ಟಾಗ ಮಗು ಓಕರಿಸಿತು, ಮುಖ ಕೆಂಪಾಯಿತು, ಕೆಮ್ಮಿ ಎಲ್ಲ ಹೊರಗೆ ಹಾಕಿತು. "ಇನ್ನೂ ಆಗಲ್ಲ ಇದಕ್ಕೆ. ನೀರಾಗಿ ಮಾಡಿ ಒಳಲೇಲಿ ಹಾಕ್ತೀನಿ" ಎಂದು ಅಜ್ಜಿ ಗಾಬರಿಯಾಗಿದ್ದರು.

ಓಕರಿಸುವುದು ಬೇರೆ, ಗಂಟಲಲ್ಲಿ ಸಿಕ್ಕುವುದು ಬೇರೆ. ಎಳೆಯ ಮಕ್ಕಳಿಗೆ ನಾಲಿಗೆಯ ಮೇಲೆ ಸ್ವಲ್ಪ ಮುಂದೆಯೇ ಗಟ್ಟಿ ತಾಗಿದರೂ ಓಕರಿಕೆ ಬರುತ್ತದೆ. ಸದ್ದು ಬರುತ್ತದೆ, ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ, ತಾನೇ ಸರಿಪಡಿಸಿಕೊಳ್ಳುತ್ತದೆ. ನಾವು ಬೆರಳು ಹಾಕಬಾರದು. ಸದ್ದೇ ಇಲ್ಲ, ಕೆಮ್ಮಲು ಆಗುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಎಂದರೆ ಅದು ಸಿಕ್ಕಿರುವುದು. ಆಗ ಒಂದು ಕ್ಷಣವೂ ತಡೆಯಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಹೆಗಲುಗಳ ನಡುವೆ ಬೆನ್ನಿಗೆ ಐದು ಪೆಟ್ಟು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತುವುದು. ಹೊರಗೆ ಬರುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಾ, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಇದನ್ನು ನಾವು ಗೊಂಬೆಯ ಮೇಲೆ ಮಾಡಿ ತೋರಿಸುತ್ತೇವೆ. ಊಟ ಶುರು ಮಾಡುವ ಪ್ರತಿ ಮನೆಯಲ್ಲಿ ಒಬ್ಬರಿಗಾದರೂ ಬರಬೇಕು.

ಆಲೂಗಡ್ಡೆ ನಿಲ್ಲಿಸಲಿಲ್ಲ. ಇನ್ನಷ್ಟು ಮೆತ್ತಗೆ ಮಾಡಿ, ಚಮಚದ ತುದಿಯಲ್ಲಿ ಸ್ವಲ್ಪವೇ ಕೊಟ್ಟರು. ಮಗು ಮುಖ ತಿರುಗಿಸಿದರೆ ಅಲ್ಲಿಗೆ ಊಟ ಮುಗಿಯಿತು ಎಂಬುದು ಅಜ್ಜಿಗೆ ಒಪ್ಪಿಸಲು ಕಷ್ಟವಾದ ಮಾತು. ಬಟ್ಟಲಲ್ಲಿ ಉಳಿದದ್ದನ್ನು ನೋಡಿದರೆ ಅವರಿಗೆ ಸಂಕಟ.

ಒಂಬತ್ತು ತಿಂಗಳಿಗೆ

ದಡಾರದ ಚುಚ್ಚುಮದ್ದಿಗೆ ಬಂದಾಗ ತೂಕ 7.4 ಕೆ.ಜಿ. ತನ್ನ ಗೆರೆಯ ಮೇಲೆಯೇ ಇದೆ. ದಿನಕ್ಕೆ ಮೂರು ಹೊತ್ತು ಊಟ, ಜೊತೆಗೆ ಎದೆಹಾಲು. ಎರಡು ವಿಷಯ ಇನ್ನೂ ಸರಿಯಾಗಬೇಕಿತ್ತು.

ಒಂದು, ಕಬ್ಬಿಣಾಂಶದ ಸಿರಪ್. ಆರು ತಿಂಗಳಿಂದ ವಾರಕ್ಕೆ ಎರಡು ಸಲ 1 ಮಿ.ಲೀ. ಕೊಡಲು ಆಶಾ ಕಾರ್ಯಕರ್ತೆ ಬಾಟಲಿ ಕೊಟ್ಟಿದ್ದರು. ಮಲ ಕಪ್ಪಾಯಿತು ಎಂದು ಮನೆಯವರು ನಿಲ್ಲಿಸಿಬಿಟ್ಟಿದ್ದರು. ಕಬ್ಬಿಣ ಕೊಟ್ಟರೆ ಮಲ ಕಪ್ಪಾಗುವುದು ಸಹಜ, ಹೆದರಬೇಕಾಗಿಲ್ಲ ಎಂದು ಡಾಕ್ಟರು ಹೇಳಿ ಮತ್ತೆ ಶುರು ಮಾಡಿಸಿದರು.

ಎರಡು, ಮಿಕ್ಸಿ. ಆ ಓಕರಿಕೆಯ ಹೆದರಿಕೆ ಅಜ್ಜಿಗೆ ಇನ್ನೂ ಹೋಗಿರಲಿಲ್ಲ. ಎಲ್ಲವನ್ನೂ ನುಣ್ಣಗೆ ರುಬ್ಬಿಯೇ ಕೊಡುತ್ತಿದ್ದರು. ಒಂಬತ್ತು, ಹತ್ತು ತಿಂಗಳು ದಾಟಿದ ಮೇಲೂ ತರಿ ಕಾಣದ ಮಕ್ಕಳಿಗೆ ಆಮೇಲೆ ಜಗಿಯುವುದು ಕಲಿಸಲು ತುಂಬ ಕಷ್ಟವಾಗುತ್ತದೆ. ಈ ವಾರ ಅನ್ನ ಬೇಳೆಯನ್ನು ಕೈಯಲ್ಲೇ ಹಿಸುಕಿ ಕೊಡುವುದು, ಮುಂದಿನ ವಾರ ಬೆಂದ ಕ್ಯಾರೆಟ್ ಅನ್ನು ಬೆರಳುದ್ದ ಕತ್ತರಿಸಿ ಮಗುವಿನ ಕೈಗೇ ಕೊಡುವುದು ಎಂದು ಮಾತಾಯಿತು. ಬೆರಳಲ್ಲಿ ಒತ್ತಿದರೆ ಮುದ್ದೆಯಾಗುವಷ್ಟು ಬೆಂದಿರಬೇಕು. ಇಡೀ ಕಡಲೆಬೀಜ, ದ್ರಾಕ್ಷಿ ಮಾತ್ರ ಮಗುವಿನ ಹತ್ತಿರವೂ ಸುಳಿಯಬಾರದು. ಎರಡು ವಾರ ಬಿಟ್ಟು ಬಂದು, ಮಗು ತಿನ್ನುವುದನ್ನು ನಮ್ಮೆದುರೇ ತೋರಿಸಲು ಹೇಳಿದ್ದೇವೆ. ಬರುವಾಗ ಮನೆಯಿಂದಲೇ ಕ್ಯಾರೆಟ್ ಬೇಯಿಸಿ ತರುತ್ತೇನೆ ಎಂದಿದ್ದಾರೆ ಅಜ್ಜಿ.